ಎದೆಯೊಳಗೆ ಸಿಕ್ಕಿಬಿದ್ದ ಗಾಳಿ

ಶ್ವಾಸಕೋಶಕ್ಕೆ ಸ್ವಂತ ಸ್ನಾಯುಬಲವಿಲ್ಲ. ತಾನಾಗಿ ಹಿಗ್ಗುವುದು ಅದಕ್ಕೆ ಗೊತ್ತಿಲ್ಲ. ಗೊತ್ತಿರುವುದು ಮುದುಡುವುದು ಮಾತ್ರ. ಅದರೊಳಗಿನ ಹಿಗ್ಗುಎಳೆಗಳೂ, ಕೋಟಿಗಟ್ಟಲೆ ಗಾಳಿಗೂಡುಗಳ ಒಳಮೈಯಲ್ಲಿರುವ ತೇವವೂ ಹಗಲಿರುಳು ಅದನ್ನು ಒಳಕ್ಕೆ ಜಗ್ಗುತ್ತಲೇ ಇರುತ್ತವೆ. ಪಕ್ಕೆಲುಬುಗಳ ಗೂಡಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಬಿಟ್ಟರೆ ಅದು ಹೊರಕ್ಕೆ ಚಿಮ್ಮುತ್ತದೆ. ಒಂದು ಒಳಕ್ಕೆ, ಇನ್ನೊಂದು ಹೊರಕ್ಕೆ ಎಳೆಯುವ ಈ ಎರಡು ವಸ್ತುಗಳನ್ನು ಜೊತೆಯಾಗಿ ಹಿಡಿದಿಟ್ಟಿರುವುದು ಅವುಗಳ ನಡುವಿನ ಒಂದು ಸಂದಿ.

ಆ ಸಂದಿಯ ಎರಡೂ ಬದಿಗೆ ಪ್ಲೂರಾ ಎಂಬ ತೆಳುವಾದ ಪೊರೆಯಿದೆ. ಒಂದು ಪದರ ಶ್ವಾಸಕೋಶದ ಮೈಗೆ ಅಂಟಿಕೊಂಡಿದೆ, ಇನ್ನೊಂದು ಪಕ್ಕೆಯ ಒಳಗೋಡೆಗೆ. ನಡುವೆ ಇರುವುದು ಕೆಲವೇ ಚಮಚ ದ್ರವ. ಅಲ್ಲಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು 5 ಸೆಂಟಿಮೀಟರ್ ನೀರಿನ ಕಂಬದಷ್ಟು ಕಡಿಮೆ. ಉಸಿರೆಳೆದುಕೊಂಡಾಗ ಇನ್ನೂ ಸ್ವಲ್ಪ ಇಳಿಯುತ್ತದೆ. ಲೆಕ್ಕಕ್ಕೆ ಬಹಳ ಸಣ್ಣ ವ್ಯತ್ಯಾಸ. ಆದರೆ ಎದೆಗೂಡು ಅಗಲವಾದಾಗ ಶ್ವಾಸಕೋಶವೂ ಅದರ ಹಿಂದೆಯೇ ಅಗಲವಾಗುವುದು ಈ ಕೊರತೆ ಅಲ್ಲಿ ಸದಾ ಉಳಿದುಕೊಂಡಿರುವುದರಿಂದ.

ಆ ಸಂದಿಗೆ ಗಾಳಿ ನುಗ್ಗಲು ಒಂದು ದಾರಿ ಸಿಕ್ಕರೆ ಕೊರತೆ ತುಂಬಿಹೋಗುತ್ತದೆ, ಹಿಡಿತ ಸಡಿಲವಾಗುತ್ತದೆ, ಶ್ವಾಸಕೋಶ ತನ್ನ ಸಹಜ ಬಯಕೆಯಂತೆ ಮುದುಡಿಕೊಳ್ಳುತ್ತದೆ. ಇದೇ ನ್ಯೂಮೋಥೊರಾಕ್ಸ್. ಈ ಹೆಸರನ್ನು 1803ರಲ್ಲಿ ಬಳಕೆಗೆ ತಂದವನು ಫ್ರಾನ್ಸಿನ ವೈದ್ಯ ಇಟಾರ್. 1819ರಲ್ಲಿ ಸ್ಟೆತೊಸ್ಕೋಪಿನ ಜನಕ ಲೆನೆಕ್ ಅದರ ಲಕ್ಷಣಗಳನ್ನು ವಿವರವಾಗಿ ಬರೆದಿಟ್ಟ.

ಗಾಳಿ ಬರುವ ದಾರಿ ಹೊರಗಿನಿಂದಲೂ ಇರಬಹುದು, ಒಳಗಿನಿಂದಲೂ ಇರಬಹುದು. ಚಾಕು, ಎತ್ತಿನ ಕೊಂಬು, ಕಬ್ಬಿಣದ ಸರಳು ಹೊರಗಿನಿಂದ ದಾರಿ ಮಾಡುತ್ತವೆ. ಬೈಕಿನಿಂದ ಬಿದ್ದಾಗ ಮುರಿದ ಪಕ್ಕೆಲುಬಿನ ಚೂಪು ತುದಿ ಒಳಗೇ ಶ್ವಾಸಕೋಶವನ್ನು ಗೀರುತ್ತದೆ. ಚರ್ಮದ ಮೇಲೆ ತರಚುಗಾಯವೂ ಕಾಣದಿರಬಹುದು. ಕ್ಷಯರೋಗ ಅಥವಾ ವರ್ಷಾನುಗಟ್ಟಲೆ ಬೀಡಿ ಸೇದಿದ ಎದೆಯಲ್ಲಿ ಶ್ವಾಸಕೋಶದ ಮೈ ಅಲ್ಲಲ್ಲಿ ತೆಳ್ಳಗಾಗಿ ಒಂದು ಕೆಮ್ಮಿಗೇ ಹರಿಯಬಹುದು. ಇವೆಲ್ಲ ಊಹೆಗೆ ನಿಲುಕುವ ಕಾರಣಗಳು. ಊಹೆಗೆ ನಿಲುಕದ ಇನ್ನೊಂದು ಗುಂಪಿದೆ: ಎತ್ತರದ, ಸಣಕಲು ಮೈಯ, ಯಾವ ಕಾಯಿಲೆಯೂ ಇಲ್ಲದ ಹುಡುಗರು. ಶ್ವಾಸಕೋಶದ ಮೇಲ್ತುದಿಯಲ್ಲಿ ಹುಟ್ಟಿಕೊಂಡ ಪುಟ್ಟ ಗಾಳಿಗುಳ್ಳೆಯೊಂದು ಕೂತಲ್ಲೇ ಒಡೆಯುತ್ತದೆ. ಓಡುತ್ತಿರಬೇಕೆಂದಿಲ್ಲ, ಭಾರ ಎತ್ತುತ್ತಿರಬೇಕೆಂದಿಲ್ಲ. ಸಿಗರೇಟು ಸೇದುವವರಲ್ಲಿ ಇದರ ಸಂಭವ ಎಷ್ಟೋ ಪಟ್ಟು ಹೆಚ್ಚು. ಒಂದು ಪಕ್ಕೆಯಲ್ಲಿ ಥಟ್ಟನೆ ಚಳುಕು, ಉಸಿರೆಳೆದರೆ ಇರಿತ, ಸ್ವಲ್ಪ ಏದುಸಿರು. ಗ್ಯಾಸ್ಟ್ರಿಕ್ ಇರಬೇಕೆಂದು ಸೋಡಾ ಕುಡಿದು, ಸ್ನಾಯು ಹಿಡಿದಿರಬೇಕೆಂದು ಮುಲಾಮು ತಿಕ್ಕಿ ಎರಡು ದಿನ ಕಳೆಯುವವರು ಇವರೇ. ಬಹುತೇಕ ಇವರ ಜೀವಕ್ಕೆ ತಕ್ಷಣದ ಅಪಾಯವಿರುವುದಿಲ್ಲ, ಯಾಕೆಂದರೆ ಇನ್ನೊಂದು ಶ್ವಾಸಕೋಶ ಕೆಲಸ ಮಾಡುತ್ತಿರುತ್ತದೆ. ವಿಶ್ರಾಂತಿಯಲ್ಲಿರುವ ಆರೋಗ್ಯವಂತನಿಗೆ ಅದೊಂದೇ ಸಾಕಾಗುತ್ತದೆ.

ಹಾಗಾದರೆ ಈ ಕಾಯಿಲೆಯ ಒಂದು ರೂಪ ಮಾತ್ರ ನಿಮಿಷಗಳಲ್ಲಿ ಕೊಲ್ಲುವುದು ಹೇಗೆ?

ಹರಿದ ಜಾಗ ಕೆಲವೊಮ್ಮೆ ಸೈಕಲ್ ಟ್ಯೂಬಿನ ವಾಲ್ವಿನಂತೆ ವರ್ತಿಸುತ್ತದೆ. ಉಸಿರೆಳೆದಾಗ ತೆರೆದುಕೊಂಡು ಗಾಳಿಯನ್ನು ಸಂದಿಗೆ ಬಿಡುತ್ತದೆ, ಉಸಿರು ಬಿಡುವಾಗ ಮುಚ್ಚಿಕೊಳ್ಳುತ್ತದೆ. ಪ್ರತಿ ಉಸಿರಿಗೂ ಒಂದಿಷ್ಟು ಗಾಳಿ ಒಳಗೆ ಸೇರುತ್ತದೆ, ಹೊರಗೆ ಹೋಗುವುದಿಲ್ಲ. ಆ ಬದಿಯ ಶ್ವಾಸಕೋಶ ಪೂರ್ತಿ ಮುದುಡಿದ ಮೇಲೂ ಒತ್ತಡ ಏರುತ್ತಲೇ ಹೋಗಿ ಹೃದಯವನ್ನೂ ದೊಡ್ಡ ರಕ್ತನಾಳಗಳನ್ನೂ ಎದುರುಬದಿಗೆ ತಳ್ಳಲು ತೊಡಗುತ್ತದೆ. ದೇಹದಿಂದ ಹೃದಯಕ್ಕೆ ರಕ್ತವನ್ನು ಮರಳಿ ತರುವ ಅಭಿಧಮನಿಗಳ ಗೋಡೆ ಮೆತ್ತಗಿನದು, ಅವುಗಳೊಳಗಿನ ಒತ್ತಡವೂ ತೀರಾ ಕಡಿಮೆ. ಹೊರಗಿನ ಒತ್ತಡಕ್ಕೆ ಅವು ಮೊದಲು ಬಗ್ಗುತ್ತವೆ. ಹೃದಯಕ್ಕೆ ರಕ್ತವೇ ಬಾರದಿದ್ದರೆ ಅದು ಪಂಪು ಮಾಡುವುದಾದರೂ ಏನನ್ನು? ರಕ್ತದೊತ್ತಡ ಕುಸಿಯುತ್ತದೆ, ನಾಡಿ ಸಿಗದಂತಾಗುತ್ತದೆ, ಹೃದಯ ನಿಲ್ಲುತ್ತದೆ. ಇದು ಟೆನ್ಷನ್ ನ್ಯೂಮೋಥೊರಾಕ್ಸ್. ಉಸಿರಿನ ಕಾಯಿಲೆಯಾಗಿ ಶುರುವಾದದ್ದು ಕೊನೆಗೆ ರಕ್ತಸಂಚಾರದ ಕಾಯಿಲೆಯಾಗಿ ಕೊಲ್ಲುತ್ತದೆ. ಈ ಒಂದು ಸಂಗತಿ ಮನಸ್ಸಿನಲ್ಲಿ ನಿಂತರೆ ಚಿಕಿತ್ಸೆಯಲ್ಲಿ ಇಷ್ಟೊಂದು ಅವಸರ ಯಾಕೆ ಎಂಬುದು ಅರ್ಥವಾಗುತ್ತದೆ. ಇಲ್ಲಿ ಮೊದಲು ಆಗಬೇಕಾದದ್ದು ಶ್ವಾಸಕೋಶದ ರಿಪೇರಿಯಲ್ಲ, ಒತ್ತಡದ ಬಿಡುಗಡೆ.

ಮಲೆನಾಡಿನಲ್ಲಿ ಅಡಿಕೆ ಕೊಯ್ಲಿನ ಕಾಲ ಎಂದುಕೊಳ್ಳಿ. ಕೊನೆ ಕೊಯ್ಯಲು ಹತ್ತಿದವನೊಬ್ಬ ಮರದಿಂದ ಮರಕ್ಕೆ ಹಾಯುವಾಗ ಜಾರಿ ಬಿದ್ದಿದ್ದಾನೆ. ಜೀಪಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ತಂದಿದ್ದಾರೆ. 'ಎಲ್ಲಿ ನೋವಪ್ಪಾ?' ಎಂದರೆ ಬಲಗೈಯಿಂದ ಎಡಪಕ್ಕೆ ತೋರಿಸುತ್ತಾನೆ. 'ಉಸ್ರು... ತಗಳಕ್ಕೆ... ಆಗ್ತಿಲ್ಲ' ಎಂಬ ಮೂರು ಮಾತಿಗೆ ಎರಡು ಸಲ ನಿಲ್ಲುತ್ತಾನೆ. ಆ ನಿಲುಗಡೆಯೇ ಮೊದಲ ಸುಳಿವು. ಒಂದು ವಾಕ್ಯವನ್ನು ಒಂದೇ ಉಸಿರಿಗೆ ಮುಗಿಸಲಾಗದವನ ಎದೆಯಲ್ಲಿ ಏನೋ ದೊಡ್ಡದೇ ನಡೆದಿದೆ.

ಅಂಗಿ ಕತ್ತರಿಸಿ ತೆಗೆದು ವೈದ್ಯೆ ಕಾಲ ಬುಡದ ಕಡೆಯಿಂದ ಎದೆಯನ್ನು ನೋಡುತ್ತಾರೆ. ಬಲಪಕ್ಕೆ ಏರಿಳಿಯುತ್ತಿದೆ, ಎಡಪಕ್ಕೆ ಉಬ್ಬಿದಲ್ಲೇ ನಿಂತಿದೆ. ಎಡಗೈಯ ನಡುಬೆರಳನ್ನು ಪಕ್ಕೆಲುಬುಗಳ ನಡುವೆ ಚಪ್ಪಟೆಯಾಗಿ ಒತ್ತಿ, ಬಲಗೈಯ ನಡುಬೆರಳಿನ ತುದಿಯಿಂದ ಅದರ ಮೇಲೆ ಎರಡು ಸಲ ತಟ್ಟುತ್ತಾರೆ. ಮಣಿಕಟ್ಟು ಮಾತ್ರ ಅಲುಗುತ್ತದೆ, ಮೊಣಕೈ ಅಲುಗುವುದಿಲ್ಲ. ಬಲಕ್ಕೆ ಸಹಜ ನಾದ. ಎಡಕ್ಕೆ ಟೊಳ್ಳಾದ, ಡೋಲಿನಂಥ ನಾದ. ರಕ್ತ ತುಂಬಿದ್ದರೆ ಇದೇ ಜಾಗ ಕಲ್ಲು ತಟ್ಟಿದಷ್ಟು ಮೊದ್ದಾಗಿರುತ್ತಿತ್ತು. ಸ್ಟೆತೊಸ್ಕೋಪ್ ಇಟ್ಟರೆ ಬಲಕ್ಕೆ ಉಸಿರಿನ ಸದ್ದಿದೆ, ಎಡಕ್ಕೆ ಇಲ್ಲ. ಕತ್ತಿನ ಅಭಿಧಮನಿಗಳು ಉಬ್ಬಿವೆ. ಕಂಕುಳ ಹತ್ತಿರ ಚರ್ಮ ಒತ್ತಿದರೆ ಬೆರಳಿನಡಿ ಚರಚರ ಎನ್ನುತ್ತದೆ, ಗಾಳಿ ಚರ್ಮದ ಕೆಳಗೂ ಹರಡಿದೆ. ಇಷ್ಟಕ್ಕೆ ಒಂದು ನಿಮಿಷವೂ ಬೇಡ.

ಬೆರಳಿನಿಂದ ತಟ್ಟಿ ನೋಡುವ ಈ ವಿದ್ಯೆಯನ್ನು 1761ರಲ್ಲಿ ಪ್ರಕಟಿಸಿದವನು ವಿಯೆನ್ನಾದ ವೈದ್ಯ ಔಯೆನ್‌ಬ್ರುಗರ್. ಅವನ ತಂದೆ ಗ್ರಾಟ್ಸ್ ಊರಿನಲ್ಲಿ ಹೋಟೆಲು ನಡೆಸುತ್ತಿದ್ದ. ಪೀಪಾಯಿಯಲ್ಲಿ ಮದ್ಯ ಎಲ್ಲಿಯವರೆಗಿದೆ ಎಂದು ತಟ್ಟಿ ತಿಳಿಯುವುದನ್ನು ಮಗ ಚಿಕ್ಕಂದಿನಲ್ಲೇ ಕಂಡಿದ್ದನೆಂದು ಹೇಳುತ್ತಾರೆ. ಇನ್ನೂರೈವತ್ತು ವರ್ಷಗಳಾಚೆಯ ಆ ವಿದ್ಯೆ ಕರೆಂಟು ಹೋದ ಆಸ್ಪತ್ರೆಯಲ್ಲೂ ಓಡುವ ಆಂಬುಲೆನ್ಸಿನಲ್ಲೂ ಇಂದಿಗೂ ಜೀವ ಉಳಿಸುತ್ತದೆ. ನಮ್ಮ ವೈದ್ಯಕೀಯ ವಿದ್ಯಾರ್ಥಿಗಳು ಸ್ಕ್ಯಾನಿನ ಚಿತ್ರ ಓದುವುದರಲ್ಲಿ ಪಳಗಿದಷ್ಟೇ ಬೆರಳಿನ ನಾದ ಕೇಳುವುದರಲ್ಲೂ ಪಳಗಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಪಠ್ಯಪುಸ್ತಕಗಳು ಇನ್ನೊಂದು ಲಕ್ಷಣ ಹೇಳುತ್ತವೆ: ಗಂಟಲ ಕುಳಿಯಲ್ಲಿ ಕೈಗೆ ಸಿಗುವ ಶ್ವಾಸನಾಳ ಎದುರುಬದಿಗೆ ಸರಿದಿರುತ್ತದೆ ಎಂದು. ನಿಜ. ಆದರೆ ಅದು ಕೊನೆಗೆ ಕಾಣುವ ಲಕ್ಷಣ, ಎಷ್ಟೋ ಸಲ ಕಾಣುವುದೇ ಇಲ್ಲ. ಅದಕ್ಕಾಗಿ ಕಾದವರು ರೋಗಿಯನ್ನು ಕಳೆದುಕೊಳ್ಳುತ್ತಾರೆ. ಕತ್ತಿನ ಅಭಿಧಮನಿ ಉಬ್ಬುವುದನ್ನೂ ಪೂರ್ತಿ ನೆಚ್ಚುವಂತಿಲ್ಲ. ಬೇರೆಲ್ಲೋ ರಕ್ತ ಸೋರಿಹೋಗಿದ್ದರೆ ಉಬ್ಬಲು ರಕ್ತವೇ ಇರುವುದಿಲ್ಲ. ಎಚ್ಚರವಿರುವ ರೋಗಿಯಲ್ಲಿ ಮೊದಲು ಕಾಣುವುದು ಏದುಸಿರು, ಚಡಪಡಿಕೆ, ಆಕ್ಸಿಜನ್ ಮಟ್ಟದ ಇಳಿತ. ರಕ್ತದೊತ್ತಡ ಕುಸಿಯುವುದು ತಡವಾಗಿ. ವೆಂಟಿಲೇಟರ್ ಮೇಲಿರುವವರಲ್ಲಿ ಇದು ತಿರುಗುಮುರುಗು. ಯಂತ್ರವೇ ಒತ್ತಿ ಗಾಳಿ ತುಂಬುವುದರಿಂದ ರಕ್ತದೊತ್ತಡ ನಿಮಿಷಗಳಲ್ಲಿ ಬೀಳುತ್ತದೆ. ವೆಂಟಿಲೇಟರಿನಲ್ಲಿರುವ ನವಜಾತ ಶಿಶುಗಳಿಗೂ ಇದು ಬರುತ್ತದೆ. ಕೋಣೆಯ ದೀಪ ಆರಿಸಿ ಮಗುವಿನ ಪುಟ್ಟ ಎದೆಗೆ ತಣ್ಣನೆಯ ಬೆಳಕಿನ ಟಾರ್ಚು ಆನಿಸಿದರೆ ಗಾಳಿ ತುಂಬಿದ ಬದಿ ಇಡೀ ಕೆಂಪಗೆ ಬೆಳಗುತ್ತದೆ.

ಟೆನ್ಷನ್ ನ್ಯೂಮೋಥೊರಾಕ್ಸ್ ಎಂದು ಗಟ್ಟಿ ಅನುಮಾನ ಬಂದು ರೋಗಿ ಕುಸಿಯುತ್ತಿದ್ದರೆ ಎಕ್ಸ್‌-ರೇಗೆ ಕಳಿಸಬಾರದು. ತುರ್ತುಚಿಕಿತ್ಸೆ ಕಲಿಸುವವರೆಲ್ಲ ಒತ್ತಿ ಹೇಳುವ ಮಾತಿದು. ಫಿಲ್ಮಿನ ಮೇಲೆ ಹೃದಯ ಪಕ್ಕಕ್ಕೆ ಸರಿದ ಅಚ್ಚುಕಟ್ಟಾದ ಚಿತ್ರ ಬಂದಿತೆಂದರೆ ಆ ಚಿತ್ರ ತೆಗೆಯಲು ಹಿಡಿದ ಹೊತ್ತು ರೋಗಿಯ ಆಯುಸ್ಸಿನಿಂದ ಕಡಿತವಾಗಿದೆ. ಜೊತೆಗೆ, ಮಲಗಿಸಿ ತೆಗೆದ ಎಕ್ಸ್‌-ರೇ ಸುಮಾರು ಅರ್ಧದಷ್ಟು ನ್ಯೂಮೋಥೊರಾಕ್ಸ್‌ಗಳನ್ನು ತೋರಿಸುವುದೇ ಇಲ್ಲ, ಗಾಳಿ ಎದೆಯ ಮುಂಭಾಗಕ್ಕೆ ಬಂದು ತೆಳುವಾಗಿ ಹರಡಿಕೊಳ್ಳುವುದರಿಂದ. ಹಾಸಿಗೆಯ ಪಕ್ಕದಲ್ಲೇ ಮಾಡುವ ಅಲ್ಟ್ರಾಸೌಂಡ್ ಇದಕ್ಕಿಂತ ಎಷ್ಟೋ ಚುರುಕು. ಪ್ಲೂರಾದ ಎರಡು ಪದರಗಳು ಒಂದರ ಮೇಲೊಂದು ಜಾರುವುದು ಪರದೆಯ ಮೇಲೆ ಕಾಣುತ್ತದೆ. ನಡುವೆ ಗಾಳಿ ಹೊಕ್ಕಿದ್ದರೆ ಆ ಜಾರಾಟ ಮಾಯ. ಇದನ್ನು ಮೊದಲು ಗಮನಿಸಿದ್ದು ಪಶುವೈದ್ಯರು, 1986ರಲ್ಲಿ, ಕುದುರೆಗಳಲ್ಲಿ. ಮನುಷ್ಯರ ತೀವ್ರನಿಗಾ ಘಟಕಕ್ಕೆ ಅದನ್ನು ತಂದವರಲ್ಲಿ ಮುಖ್ಯರು ಫ್ರಾನ್ಸಿನ ಲಿಖ್ಟೆನ್‌ಸ್ಟೈನ್.

ಇನ್ನು ಚಿಕಿತ್ಸೆ. ಗ್ಲೂಕೋಸ್ ಏರಿಸಲು ಬಳಸುವಂಥದ್ದೇ, ಆದರೆ ದಪ್ಪ ಮತ್ತು ಉದ್ದನೆಯ ಕ್ಯಾನುಲಾವನ್ನು ಪಕ್ಕೆಲುಬುಗಳ ನಡುವೆ ಚುಚ್ಚುತ್ತಾರೆ. ಪಕ್ಕೆಲುಬಿನ ಕೆಳ ಅಂಚಿನ ಗುಂಟ ರಕ್ತನಾಳವೂ ನರವೂ ಹಾದುಹೋಗುವುದರಿಂದ ಸೂಜಿ ಯಾವಾಗಲೂ ಪಕ್ಕೆಲುಬಿನ ಮೇಲಂಚಿಗೆ ಒರಸಿಕೊಂಡೇ ಇಳಿಯಬೇಕು. ಸರಿಯಾದ ಜಾಗ ತಲುಪಿದರೆ ಸುಯ್ಯೆಂದು ಗಾಳಿ ಹೊರಬರುತ್ತದೆ, ಸ್ವಲ್ಪ ಹೊತ್ತಿಗೇ ನಾಡಿ ಕೈಗೆ ಸಿಗುತ್ತದೆ.

ಯಾವ ಜಾಗ ಎಂಬುದರಲ್ಲಿ ಇತ್ತೀಚೆಗೆ ಒಂದು ಮುಖ್ಯ ತಿದ್ದುಪಡಿಯಾಗಿದೆ. ದಶಕಗಳ ಕಾಲ ಎಲ್ಲರೂ ಕಲಿತದ್ದು ಎದೆಯ ಮುಂಭಾಗದಲ್ಲಿ, ಕಾಲರ್ ಮೂಳೆಯ ನಡುವಿನಿಂದ ನೇರ ಕೆಳಗೆ, ಎರಡನೆಯ ಸಂದಿಯಲ್ಲಿ ಚುಚ್ಚುವುದನ್ನು. ಆದರೆ ಅಲ್ಲಿ ಎದೆಯ ಸ್ನಾಯು ದಪ್ಪಗಿರುತ್ತದೆ. 5 ಸೆಂಟಿಮೀಟರಿನ ಸೂಜಿ ಎಷ್ಟೋ ಜನರಲ್ಲಿ ಸಂದಿಯನ್ನು ಮುಟ್ಟುವುದೇ ಇಲ್ಲ. ಹೀಗಾಗಿ ಅಪಘಾತ ಚಿಕಿತ್ಸೆಯ ಅಂತಾರಾಷ್ಟ್ರೀಯ ತರಬೇತಿ ಎಟಿಎಲ್‌ಎಸ್ ತನ್ನ 2018ರ ಆವೃತ್ತಿಯಲ್ಲಿ ವಯಸ್ಕರಿಗೆ ಜಾಗ ಬದಲಿಸಿ, ಕಂಕುಳ ಕೆಳಗೆ ನಡುಗೆರೆಗಿಂತ ತುಸು ಮುಂದೆ, ನಾಲ್ಕನೆಯ ಅಥವಾ ಐದನೆಯ ಸಂದಿ ಎಂದಿತು. ಮಕ್ಕಳಲ್ಲಿ ಹಳೆಯ ಜಾಗವೇ ಉಳಿದಿದೆ. 8 ಸೆಂಟಿಮೀಟರಿನ ಸೂಜಿ ಬಹುಪಾಲು ಜನರಲ್ಲಿ ಗುರಿ ಮುಟ್ಟುತ್ತದೆ. ಚುಚ್ಚಿದರೂ ರೋಗಿ ಚೇತರಿಸಿಕೊಳ್ಳದಿದ್ದರೆ 'ನಮ್ಮ ಅನುಮಾನ ತಪ್ಪು' ಎಂದು ಕೈಬಿಡುವ ಮೊದಲು 'ಸೂಜಿ ತಲುಪಿತೇ?' ಎಂದು ಕೇಳಿಕೊಳ್ಳಬೇಕು.

ಸೂಜಿ ಕೊಡುವುದು ಹೊತ್ತು ಮಾತ್ರ. ಕ್ಯಾನುಲಾ ಮಡಚಿಕೊಳ್ಳುತ್ತದೆ, ರಕ್ತ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತದೆ. ಅದರ ಹಿಂದೆಯೇ ಎದೆಗೆ ನಳಿಗೆ ಹಾಕಬೇಕು. ನಮ್ಮ ಆಸ್ಪತ್ರೆಗಳಲ್ಲಿ 'ಐಸಿಡಿ ಹಾಕಿದಾರೆ' ಎನ್ನುವುದು ಇದಕ್ಕೇ. ನಳಿಗೆಯ ಹೊರತುದಿ ಒಂದು ಬಾಟಲಿಯಲ್ಲಿ ನೀರಿನ ಮಟ್ಟದಿಂದ ಎರಡು ಮೂರು ಸೆಂಟಿಮೀಟರ್ ಕೆಳಗೆ ಮುಳುಗಿರುತ್ತದೆ. ಎದೆಯ ಗಾಳಿ ಗುಳ್ಳೆಗಳಾಗಿ ಹೊರಬರಬಲ್ಲದು, ಹೊರಗಿನ ಗಾಳಿ ನೀರನ್ನು ದಾಟಿ ಒಳಹೋಗಲಾರದು. ಯಂತ್ರವಿಲ್ಲ, ವಿದ್ಯುತ್ತಿಲ್ಲ. 1875ರಲ್ಲಿ ಹ್ಯಾಂಬರ್ಗಿನ ವೈದ್ಯ ಬ್ಯೂಲೌ ಎದೆಯ ಕೀವು ತೆಗೆಯಲು ಬಳಸಿದ ಉಪಾಯವಿದು. ಇದರ ಬೆಲೆ ಜಗತ್ತಿಗೆ ಪೂರ್ತಿ ತಿಳಿಯಲು ಒಂದು ಮಹಾಮಾರಿಯೇ ಬೇಕಾಯಿತು. ಮೊದಲ ಮಹಾಯುದ್ಧದ ಕೊನೆಗಾಲದಲ್ಲಿ ಅಮೆರಿಕದ ಸೇನಾ ಶಿಬಿರಗಳಲ್ಲಿ ನ್ಯುಮೋನಿಯಾ ಹಬ್ಬಿ ಯುವ ಸೈನಿಕರ ಎದೆಯಲ್ಲಿ ಕೀವು ತುಂಬತೊಡಗಿತು. ವೈದ್ಯರು ಪಕ್ಕೆ ಕೊಯ್ದು ತೆರೆದು ಕೀವು ಬಸಿಯುತ್ತಿದ್ದರು. ನೂರರಲ್ಲಿ 30ರ ಆಸುಪಾಸು ಸಾಯುತ್ತಿದ್ದರು. ಅಲ್ಲಿನ ಶಸ್ತ್ರವೈದ್ಯ ಎವರ್ಟ್ಸ್ ಗ್ರಹಾಂ ಮತ್ತು ಸಂಗಡಿಗರು ಶೋಧಿಸಿ ಕಂಡದ್ದೇನೆಂದರೆ, ರೋಗದ ಆರಂಭದಲ್ಲೇ ಎದೆ ತೆರೆದಾಗ ಹೊರಗಿನ ಗಾಳಿ ನುಗ್ಗಿ ಶ್ವಾಸಕೋಶ ಮುದುಡುತ್ತಿತ್ತು. ಕೊಲ್ಲುತ್ತಿದ್ದದ್ದು ಕೀವಿಗಿಂತ ಹೆಚ್ಚಾಗಿ ಈ ಚಿಕಿತ್ಸೆ. ಮುಚ್ಚಿದ ನಳಿಗೆಯಿಂದ ಬಸಿಯತೊಡಗಿದ ಮೇಲೆ ಸಾವು ನೂರಕ್ಕೆ ಐದಕ್ಕೂ ಕೆಳಗಿಳಿಯಿತು.

ಈ ಬಾಟಲಿಯ ತತ್ವ ಎಷ್ಟು ಸರಳವೆಂಬುದಕ್ಕೆ 1995ರ ಮೇ ತಿಂಗಳಲ್ಲಿ ಹಾಂಗ್‌ಕಾಂಗಿನಿಂದ ಲಂಡನ್ನಿಗೆ ಹೊರಟ ವಿಮಾನದಲ್ಲಿ ನಡೆದ ಘಟನೆ ಸಾಕ್ಷಿ. ನಿಲ್ದಾಣಕ್ಕೆ ಬರುವಾಗ ಮೋಟಾರ್‌ಸೈಕಲ್ಲಿನಿಂದ ಬಿದ್ದಿದ್ದ ಪ್ರಯಾಣಿಕಳೊಬ್ಬಳಿಗೆ ಮೊದಲು ಕಂಡದ್ದು ಕೈಯ ಪೆಟ್ಟು ಮಾತ್ರ. ವಿಮಾನ ಮೇಲೇರಿದ ಮೇಲೆ ಎದೆನೋವು, ಉಸಿರಾಟದ ಕಷ್ಟ. ಹಾರುವ ವಿಮಾನದ ಒಳಗಿನ ಗಾಳಿಯೊತ್ತಡ ನೆಲಮಟ್ಟಕ್ಕಿಂತ ಕಡಿಮೆಯಿರುತ್ತದೆ. ಸಿಕ್ಕಿಬಿದ್ದ ಗಾಳಿ ಅಲ್ಲಿ ಸುಮಾರು ಮೂರನೆಯ ಒಂದು ಪಾಲಿನಷ್ಟು ಹಿಗ್ಗಬಲ್ಲದು. ವಿಮಾನದಲ್ಲಿದ್ದ ನಾಟಿಂಗ್‌ಹ್ಯಾಮಿನ ಮೂಳೆತಜ್ಞ ಪ್ರೊಫೆಸರ್ ಆಂಗಸ್ ವಾಲೇಸ್ ಇನ್ನೊಬ್ಬ ಕಿರಿಯ ವೈದ್ಯರ ಜೊತೆಗೂಡಿ ಕೈಗೆ ಸಿಕ್ಕ ವಸ್ತುಗಳನ್ನು ಹೊಂದಿಸಿದರು. ಔಷಧಪೆಟ್ಟಿಗೆಯಲ್ಲಿ ಮರಗಟ್ಟಿಸುವ ಇಂಜೆಕ್ಷನ್ನೂ ಮೂತ್ರದ ಕ್ಯಾತಿಟರೂ ಇದ್ದವು. ಕ್ಯಾತಿಟರ್ ಬಹಳ ಮೆದು. ಅದಕ್ಕೆ ಬಿಗಿ ಬರಲೆಂದು ಕೋಟು ತೂಗುಹಾಕುವ ತಂತಿಯನ್ನು ನೆಟ್ಟಗೆ ಮಾಡಿ, ಬ್ರಾಂಡಿಯಲ್ಲಿ ತೊಳೆದು ಒಳಗೆ ತೂರಿಸಿದರು. ನೀರಿನ ಬಾಟಲಿಯ ಮುಚ್ಚಳಕ್ಕೆ ತೂತು ಕೊರೆದು ನಳಿಗೆಯ ತುದಿಯನ್ನು ನೀರಿನಲ್ಲಿ ಮುಳುಗಿಸಿದರು. ಗುಳ್ಳೆಗಳು ಎದ್ದವು. ಆಕೆ ಲಂಡನ್ನಿನಲ್ಲಿ ಆಸ್ಪತ್ರೆಗೆ ಸೇರಿ ಗುಣವಾದಳು. ಈ ಕಥೆಯನ್ನು ಸಾಹಸವೆಂದು ಹೇಳುವವರೇ ಹೆಚ್ಚು. ನನಗೆ ಅದರಲ್ಲಿ ಹೆಚ್ಚು ಮುಖ್ಯವೆನಿಸುವುದು ಗುರುತಿಸಿದ ರೀತಿ: ಸ್ಕ್ಯಾನೂ ಇಲ್ಲ, ಎಕ್ಸ್‌-ರೇಯೂ ಇಲ್ಲ, ಇಂಜಿನ್ನಿನ ಮೊರೆತದಲ್ಲಿ ಸ್ಟೆತೊಸ್ಕೋಪಿನ ಸದ್ದು ಕೇಳುವುದೂ ಕಷ್ಟ.

ವಾರ್ಡಿನಲ್ಲಿ ಈ ಬಾಟಲಿಯನ್ನು ಕಾಯುವವರು ಬಹುಪಾಲು ರೋಗಿಯ ಮನೆಯವರೇ ಆದ್ದರಿಂದ ಅವರಿಗೆ ಎರಡು ಮಾತು. ಉಸಿರಾಟಕ್ಕೆ ತಕ್ಕಂತೆ ನಳಿಗೆಯಲ್ಲಿ ನೀರು ಏರಿಳಿಯುತ್ತಿದ್ದರೆ ನಳಿಗೆ ಕಟ್ಟಿಕೊಂಡಿಲ್ಲವೆಂದರ್ಥ. ಗುಳ್ಳೆ ಬರುತ್ತಿದ್ದರೆ ಗಾಳಿ ಇನ್ನೂ ಸೋರುತ್ತಿದೆ. ಬಾಟಲಿ ಸದಾ ಎದೆಗಿಂತ ಕೆಳಗಿರಬೇಕು. ಎಕ್ಸ್‌-ರೇ ಕೋಣೆಗೆ ಹೋಗುವಾಗ ಅದನ್ನು ಎತ್ತಿ ಸ್ಟ್ರೆಚರಿನ ಮೇಲೆ, ರೋಗಿಯ ಹೊಟ್ಟೆಯ ಹತ್ತಿರ ಇಡುವ ಅಭ್ಯಾಸ ಅಲ್ಲಲ್ಲಿ ಇದೆ; ನೀರು ಹಿಂದಕ್ಕೆ ಎದೆಗೆ ಹರಿಯುತ್ತದೆ. ಗುಳ್ಳೆ ಬರುತ್ತಿರುವ ನಳಿಗೆಗೆ ಕ್ಲಿಪ್ಪು ಹಾಕಿ ಮುಚ್ಚುವುದಂತೂ ಕೂಡದು. ಅದು ಟೆನ್ಷನ್ ನ್ಯೂಮೋಥೊರಾಕ್ಸನ್ನು ಕೈಯಾರೆ ಕರೆದಂತೆ.

ಎಲ್ಲರಿಗೂ ನಳಿಗೆ ಬೇಕೇ? ಬೇಡ ಎನ್ನುವ ಪುರಾವೆ ಬಂದಿದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಲ್ಲಿ 316 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇರೆ ಕಾಯಿಲೆಯಿಲ್ಲದೆ ತಾನಾಗಿ ನ್ಯೂಮೋಥೊರಾಕ್ಸ್ ಆದವರನ್ನು ಎರಡು ಗುಂಪು ಮಾಡಿದರು. ಸುಮ್ಮನೆ ನಿಗಾದಲ್ಲಿಟ್ಟ ಗುಂಪಿನಲ್ಲಿ ನೂರಕ್ಕೆ 85 ಮಂದಿಗೆ ನಳಿಗೆಯ ಅಗತ್ಯವೇ ಬೀಳಲಿಲ್ಲ. ಎಂಟು ವಾರಗಳಲ್ಲಿ ಬಹುತೇಕ ಎಲ್ಲರ ಶ್ವಾಸಕೋಶವೂ ಅರಳಿತ್ತು. ಸಿಕ್ಕಿಬಿದ್ದ ಗಾಳಿ ಎಲ್ಲಿಗೆ ಹೋಯಿತು? ರಕ್ತಕ್ಕೆ. ದೇಹದ ಜೀವಕೋಶಗಳು ಆಕ್ಸಿಜನ್ ಬಳಸಿಕೊಂಡ ಮೇಲೆ ಹಿಂದಿರುಗುವ ರಕ್ತದಲ್ಲಿರುವ ಅನಿಲಗಳ ಒಟ್ಟು ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಆ ಇಳಿಜಾರಿನಲ್ಲಿ ಸಂದಿಯ ಗಾಳಿ ಮೆಲ್ಲಗೆ ರಕ್ತದಲ್ಲಿ ಕರಗಿಹೋಗುತ್ತದೆ, ದಿನಕ್ಕೆ ಆ ಬದಿಯ ಎದೆಯ ಅಳತೆಯ ನೂರಕ್ಕೆ ಒಂದೆರಡು ಪಾಲಿನಂತೆ. ರೋಗಿಗೆ ಆಕ್ಸಿಜನ್ ಕೊಟ್ಟರೆ ರಕ್ತದ ನೈಟ್ರೋಜನ್ ತೊಳೆದುಹೋಗಿ ಇಳಿಜಾರು ಕಡಿದಾಗುತ್ತದೆ, ವೇಗ ಹಲವು ಪಟ್ಟು ಹೆಚ್ಚುತ್ತದೆ. ಹಿಂದೆ ವೈದ್ಯರು ಬೇಕೆಂದೇ ಈ ಗಾಳಿಯನ್ನು ಎದೆಗೆ ತುಂಬುತ್ತಿದ್ದ ಕಾಲವೂ ಇತ್ತು. ಕ್ಷಯಕ್ಕೆ ಔಷಧವಿಲ್ಲದಾಗ ಇಟಲಿಯ ಫೋರ್ಲಾನಿನಿ ಹೇಳಿಕೊಟ್ಟಂತೆ ರೋಗಪೀಡಿತ ಶ್ವಾಸಕೋಶವನ್ನು ಮುದುಡಿಸಿ ವಿಶ್ರಾಂತಿ ಕೊಡುತ್ತಿದ್ದರು. ನಮ್ಮ ಕೋಲಾರದ ಗಡಿಯಾಚೆಯ ಮದನಪಲ್ಲಿಯ ಕ್ಷಯಾಶ್ರಮದಲ್ಲೂ ಅದು ನಡೆಯುತ್ತಿತ್ತು. ತುಂಬಿದ ಗಾಳಿ ಕರಗಿಹೋಗುತ್ತಿದ್ದುದರಿಂದಲೇ ರೋಗಿ ಮತ್ತೆ ಮತ್ತೆ ಬಂದು ತುಂಬಿಸಿಕೊಳ್ಳಬೇಕಾಗಿತ್ತು.

ಅಪಘಾತದ ಜಾಗದಲ್ಲಿರುವ ಸಾಮಾನ್ಯ ಜನ ಸೂಜಿ ಹಿಡಿಯಬೇಕಿಲ್ಲ, ಹಿಡಿಯಲೂಬಾರದು. 108ಕ್ಕೆ ಕರೆ ಮಾಡಿ 'ಎದೆಗೆ ಪೆಟ್ಟು, ಉಸಿರಾಡಲು ಕಷ್ಟ' ಎಂದು ಬಿಡಿಸಿ ಹೇಳಿ. ಬೆನ್ನಿಗೆ ಕತ್ತಿಗೆ ಪೆಟ್ಟಿಲ್ಲದಿದ್ದರೆ ಅವನಿಗೆ ಹಿತವಾದ ಭಂಗಿಯಲ್ಲಿ ಕೂರಲು ಬಿಡಿ. ಪಕ್ಕೆಗೆ ಬಟ್ಟೆ ಬಿಗಿದು ಕಟ್ಟಬೇಡಿ, ನೀರು ಕುಡಿಸಬೇಡಿ. ಚುಚ್ಚಿಕೊಂಡ ವಸ್ತುವನ್ನು ಕೀಳಬೇಡಿ. ಎದೆಯಲ್ಲಿ ತೆರೆದ ಗಾಯವಿದ್ದು ಅದರಿಂದ ಗಾಳಿ ಹೋಗಿಬರುತ್ತಿದ್ದರೆ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಬೇಡಿ. ಮುಚ್ಚಿದ ಗಾಯದ ಹಿಂದೆ ಒತ್ತಡ ಕಟ್ಟಿಕೊಳ್ಳುತ್ತದೆ. ಗಾಯವನ್ನು ಹಾಗೆಯೇ ತೆರೆದಿಡಬೇಕು, ರಕ್ತ ಸೋರುತ್ತಿದ್ದರೆ ಆ ಜಾಗವನ್ನಷ್ಟೇ ಒತ್ತಿ ಹಿಡಿಯಬೇಕು ಎಂಬುದು ಈಗಿನ ಪ್ರಥಮ ಚಿಕಿತ್ಸೆಯ ಸಲಹೆ.

ತಾನಾಗಿ ಬಂದ ನ್ಯೂಮೋಥೊರಾಕ್ಸ್ ಮರುಕಳಿಸುವುದುಂಟು, ಸುಮಾರು ಮೂವರಲ್ಲಿ ಒಬ್ಬರಿಗೆ. ಮತ್ತೆ ಮತ್ತೆ ಆದರೆ ವೈದ್ಯರು ಪ್ಲೂರಾದ ಎರಡು ಪದರಗಳನ್ನು ಉಜ್ಜಿ, ಅಥವಾ ನಡುವೆ ಟಾಲ್ಕ್ ಪುಡಿ ಹರಡಿ, ಅವು ಶಾಶ್ವತವಾಗಿ ಅಂಟಿಕೊಳ್ಳುವಂತೆ ಮಾಡುತ್ತಾರೆ. ಸಂದಿಯೇ ಇಲ್ಲದಿದ್ದರೆ ಗಾಳಿ ಸೇರುವುದೆಲ್ಲಿ? ಈ ಏರ್ಪಾಡು ಪ್ರಕೃತಿಯಲ್ಲಿ ಆನೆಗಿದೆ. ಅದರ ಶ್ವಾಸಕೋಶ ಮತ್ತು ಪಕ್ಕೆಯ ನಡುವೆ ಸಂದಿಯ ಬದಲು ಗಟ್ಟಿಯಾದ ಎಳೆಗಳ ಅಂಗಾಂಶ ತುಂಬಿಕೊಂಡಿದೆ. ಕಬಿನಿಯ ಹಿನ್ನೀರಿನಲ್ಲಿ ಆನೆ ಮೈ ಮುಳುಗಿಸಿ ಸೊಂಡಿಲು ಮಾತ್ರ ಮೇಲೆತ್ತಿ ಈಜುವಾಗ ಅದರ ಮೈಯ ಮೇಲೆ ನೀರಿನ ಒತ್ತಡ, ಶ್ವಾಸಕೋಶದೊಳಗೆ ಬರೀ ಹೊರಗಾಳಿಯ ಒತ್ತಡ. ನಮ್ಮಂಥ ತೆಳು ಪೊರೆಯ ರಕ್ತನಾಳಗಳು ಆ ವ್ಯತ್ಯಾಸಕ್ಕೆ ಒಡೆದುಹೋಗುತ್ತಿದ್ದವು ಎಂದು ಕ್ಯಾಲಿಫೋರ್ನಿಯಾದ ಶ್ವಾಸಕ್ರಿಯಾ ವಿಜ್ಞಾನಿ ಜಾನ್ ವೆಸ್ಟ್ ವಾದಿಸಿದ್ದಾರೆ. ಆದರೆ ಟಾಲ್ಕ್ ಹಾಕಿಸಿಕೊಂಡವರೂ ಆಳ ನೀರಿಗಿಳಿಯುವ ಧೈರ್ಯವನ್ನು ಸುಮ್ಮನೆ ಮಾಡುವಂತಿಲ್ಲ. ಒಮ್ಮೆ ತಾನಾಗಿ ನ್ಯೂಮೋಥೊರಾಕ್ಸ್ ಆದವರು, ಎರಡೂ ಬದಿಗೆ ಶಸ್ತ್ರಚಿಕಿತ್ಸೆಯಾಗಿ ತಜ್ಞರು ಒಪ್ಪಿದ ಹೊರತು, ಸಿಲಿಂಡರ್ ಕಟ್ಟಿಕೊಂಡು ಸಮುದ್ರದಾಳಕ್ಕೆ ಇಳಿಯಬಾರದು. ಎಕ್ಸ್‌-ರೇಯಲ್ಲಿ ಶ್ವಾಸಕೋಶ ಪೂರ್ತಿ ಅರಳಿದ್ದು ಕಂಡು ಕನಿಷ್ಠ ಒಂದು ವಾರ ಕಳೆಯುವವರೆಗೆ ವಿಮಾನವನ್ನೂ ಹತ್ತಬಾರದು. ಸಿಗರೇಟನ್ನಂತೂ ಅಂದೇ ಬಿಡಬೇಕು.